ರಾತ್ರಿ ಆಕಾಶದಲ್ಲಿ ಅರ್ಥವಾಗದ ಬೆಳಕು: ಸರ್ಕಾರಿ ತನಿಖೆ ಹೇಗೆ ನಡೆಯುತ್ತದೆ? ಫಾರ್ವರ್ಡ್ ಮಾಡುವ ಮುನ್ನ ಏನು ನೋಡಬೇಕು?

ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಒಂದೇ ಬಗೆಯ ವಿಡಿಯೊ ಬರುತ್ತದೆ. ಕತ್ತಲೆಯ ಆಕಾಶ, ನಡುಗುವ ಕ್ಯಾಮೆರಾ, ನಡುವೆ ಒಂದು ಬೆಳಕಿನ ಚುಕ್ಕೆ ಅಥವಾ ಸಾಲು. ಕೆಳಗೆ ಬರಹ: ‘ನಿನ್ನೆ ರಾತ್ರಿ ನಮ್ಮೂರ ಬೆಟ್ಟದ ಮೇಲೆ ಕಂಡಿದ್ದು, ಎಲ್ಲರಿಗೂ ಕಳಿಸಿ.’ ಊರಿನ ಹೆಸರು ಮಾತ್ರ ಬದಲಾಗುತ್ತಿರುತ್ತದೆ. ಒಮ್ಮೆ ಮಾಗಡಿ, ಒಮ್ಮೆ ಕನಕಪುರ, ಇನ್ನೊಮ್ಮೆ ಚನ್ನಪಟ್ಟಣ.

ಇದರ ಬೆನ್ನಲ್ಲೇ ಎರಡು ಪ್ರಶ್ನೆ ಏಳುತ್ತವೆ. ಅದು ನಿಜಕ್ಕೂ ಏನು? ಸರ್ಕಾರ ಇದನ್ನು ಪರಿಶೀಲಿಸುತ್ತದೆಯೇ, ಇಲ್ಲವೇ ಮುಚ್ಚಿಡುತ್ತದೆಯೇ?

ಚಿಕ್ಕ ಉತ್ತರ: ಇಂಥ ಬೆಳಕುಗಳನ್ನು ನಮ್ಮ ದೇಶದಲ್ಲಿ ಅಧಿಕೃತವಾಗಿ ಪರಿಶೀಲಿಸಿದ ಉದಾಹರಣೆಗಳಿವೆ. ಅವುಗಳಲ್ಲಿ ಒಂದನ್ನು ಬಿಡಿಸಿದವರು ಬೆಂಗಳೂರಿನ ವಿಜ್ಞಾನಿಗಳೇ. ತನಿಖೆ ಗೆಲ್ಲುವುದು ವಿಡಿಯೊದಿಂದಲ್ಲ. ನೋಡಿದವರು ಬರೆದಿಟ್ಟ ಮೂರು ವಿವರಗಳಿಂದ: ಎಷ್ಟು ಹೊತ್ತಿಗೆ ಕಂಡಿತು, ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿ.

## ನಮ್ಮಲ್ಲಿ ಯಾರು ತನಿಖೆ ಮಾಡುತ್ತಾರೆ?

‘ಹಾರುವ ತಟ್ಟೆ’ಗಳನ್ನು ಪರಿಶೀಲಿಸಲೆಂದೇ ಜನರಿಂದ ದೂರು ಪಡೆಯುವ ಪ್ರತ್ಯೇಕ ಇಲಾಖೆ ಭಾರತದಲ್ಲಿ ಇಲ್ಲ. ಹಾಗೆಂದು ಯಾರೂ ಕೇಳುವವರಿಲ್ಲ ಎಂದಲ್ಲ. ಕೆಲಸ ಹಂಚಿಹೋಗಿದೆ.

- ಸಾಮಾನ್ಯರ ಮಾಹಿತಿ ಮೊದಲು ತಲುಪುವುದು ಪೊಲೀಸ್ ಠಾಣೆ ಅಥವಾ ತಹಶೀಲ್ದಾರರ ಕಚೇರಿಗೆ. ಅಲ್ಲಿಂದ ಜಿಲ್ಲಾಧಿಕಾರಿಗೆ ಹೋಗುತ್ತದೆ.
- ವಿಮಾನ, ಕ್ಷಿಪಣಿ, ಗಡಿ ಭದ್ರತೆಯ ಸಂಶಯವಿದ್ದರೆ ವಾಯುಪಡೆ ಮತ್ತು ರಕ್ಷಣಾ ಇಲಾಖೆ ನೋಡುತ್ತವೆ.
- ಉಪಗ್ರಹ, ರಾಕೆಟ್ ಅವಶೇಷ ಎನಿಸಿದರೆ ಇಸ್ರೊ. ಬಾಹ್ಯಾಕಾಶದಲ್ಲಿರುವ ವಸ್ತುಗಳ ಮೇಲೆ ನಿಗಾ ಇಡಲು ಇಸ್ರೊ 2022ರ ಜುಲೈನಲ್ಲಿ ಬೆಂಗಳೂರಿನಲ್ಲೇ ಒಂದು ಕೇಂದ್ರ ತೆರೆದಿದೆ.
- ಗ್ರಹ, ನಕ್ಷತ್ರ, ಉಲ್ಕೆಯ ವಿಷಯವಾದರೆ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಂಥ ಸಂಸ್ಥೆಗಳು.
- ಭಾರಿ ಸದ್ದು, ನೆಲ ನಡುಗಿದ ಅನುಭವ ಇದ್ದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ.

ಎಲ್ಲರೂ ಮಾಡುವ ಕೆಲಸ ಒಂದೇ: ಗೊತ್ತಿರುವ ಕಾರಣಗಳನ್ನು ಒಂದೊಂದಾಗಿ ಹೊಂದಿಸಿ ನೋಡುವುದು, ಹೊಂದದ್ದನ್ನು ಬಿಡುವುದು.

## 329 ಬಾರಿ ಕಂಡ ಬೆಳಕು: ಬೆಂಗಳೂರಿನ ಸಂಸ್ಥೆ ಬಿಡಿಸಿದ ಒಗಟು

2012ರ ದ್ವಿತೀಯಾರ್ಧದಲ್ಲಿ ಲಡಾಖ್‌ನ ಗಡಿ ಕಾಯುತ್ತಿದ್ದ ನಮ್ಮ ಸೈನಿಕರಿಗೆ ಹಳದಿ ಬಣ್ಣದ ಬೆಳಕಿನ ಗೋಳಗಳು ಕಾಣತೊಡಗಿದವು. ಅವು ಚೀನಾ ಕಡೆಯ ದಿಗಂತದಿಂದ ಎದ್ದು, ಗಂಟೆಗಟ್ಟಲೆ ನಿಧಾನವಾಗಿ ಸಾಗಿ, ಮಾಯವಾಗುತ್ತಿದ್ದವು. ಚೀನಾದ ಬೇಹುಗಾರಿಕೆ ಡ್ರೋನ್ ಇರಬಹುದೆಂಬ ಶಂಕೆ ಸಹಜವಾಗಿಯೇ ಬಂತು. ಸುಮಾರು ಆರು ತಿಂಗಳಲ್ಲಿ 329 ಬಾರಿ ಇಂಥ ಬೆಳಕು ಕಂಡದ್ದು ದಾಖಲಾಯಿತು. ಅದರಲ್ಲಿ 155 ಬಾರಿ ಅವು ನಮ್ಮ ಗಡಿಯೊಳಕ್ಕೆ ಬಂದವೆಂದು ಲೆಕ್ಕ ಹಾಕಲಾಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ನೋಡಿದವರು ಅಮಲಿನಲ್ಲಿದ್ದವರಲ್ಲ, ಸುಳ್ಳು ಹೇಳುವವರಲ್ಲ. ಆಕಾಶ ಕಾಯುವುದೇ ಅವರ ಕೆಲಸ. ಅವರು ಕಂಡದ್ದು ನಿಜವೇ. ಪ್ರಶ್ನೆ ಇದ್ದದ್ದು, ಕಂಡದ್ದು ಏನು ಎಂಬುದರಲ್ಲಿ.

ಪಾಂಗಾಂಗ್ ಸರೋವರದ ಬಳಿಗೆ ರಾಡಾರ್ ಮತ್ತು ರೇಡಿಯೊ ಸಂಕೇತ ಹಿಡಿಯುವ ಯಂತ್ರ ಒಯ್ಯಲಾಯಿತೆಂದು ಆಗ ವರದಿಯಾಗಿತ್ತು. ಕಣ್ಣಿಗೆ ಕಾಣುವ ಬೆಳಕು ರಾಡಾರ್‌ಗೆ ಸಿಗಲಿಲ್ಲ, ಸಂಕೇತವೂ ಬರಲಿಲ್ಲ. ‘ರಾಡಾರ್‌ಗೂ ಸಿಗದ ವಸ್ತು’ ಎಂಬ ಸುದ್ದಿ ಹಬ್ಬಿ ಕುತೂಹಲ ಇನ್ನಷ್ಟು ಹೆಚ್ಚಿತು. ಆದರೆ ರಾಡಾರ್‌ಗೆ ಸಿಗದಿರಲು ಇನ್ನೂ ಸರಳವಾದ ಕಾರಣವಿತ್ತು. ಆ ವಸ್ತು ರಾಡಾರ್ ಮುಟ್ಟಲಾಗದಷ್ಟು ದೂರದಲ್ಲಿತ್ತು.

ಕೊನೆಗೆ ಸೇನೆ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನೆರವು ಕೇಳಿತು. ಈ ಸಂಸ್ಥೆಗೆ ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ವೀಕ್ಷಣಾಲಯವಿದೆ. ಅಲ್ಲಿನ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ವಿಜ್ಞಾನಿಗಳ ಮುಂದಿದ್ದ ಪ್ರಶ್ನೆ ಸರಳ: ಈ ಬೆಳಕು ಭೂಮಿಯದೋ, ಆಕಾಶದ್ದೋ?

ಅವರು ನೆಚ್ಚಿಕೊಂಡದ್ದು ವಿವರಗಳ ಪಟ್ಟಿಯನ್ನು. ಯಾವ ಹೊತ್ತಿಗೆ ಕಂಡಿತು, ಯಾವ ದಿಕ್ಕು, ಎಷ್ಟು ಎತ್ತರ, ಸುತ್ತಲಿನ ನಕ್ಷತ್ರಗಳಿಗೆ ಹೋಲಿಸಿದರೆ ಹೇಗೆ ಸರಿಯಿತು. ಒಂದು ಬೆಳಕು ಸಂಜೆ 6ರ ಸುಮಾರಿಗೆ ಕಾಣುತ್ತಿತ್ತು. ಇನ್ನೊಂದು ಬೆಳಗಿನ ಜಾವ 4ರ ಹೊತ್ತಿಗೆ. ಆ ತಿಂಗಳುಗಳ ಗ್ರಹಸ್ಥಿತಿಯ ಪಕ್ಕದಲ್ಲಿ ಇದನ್ನಿಟ್ಟಾಗ ಉತ್ತರ ಸಿಕ್ಕಿತು. ಸಂಜೆಯದು ಗುರು ಗ್ರಹ, ಜಾವದ್ದು ಶುಕ್ರ ಗ್ರಹ. 2013ರ ಜುಲೈನಲ್ಲಿ ಈ ವಿಷಯ ಪತ್ರಿಕೆಗಳಲ್ಲಿ ಬಂತು.

ಈ ಉತ್ತರವನ್ನು ಇಂದಿಗೂ ಯಾರು ಬೇಕಾದರೂ ತಾಳೆ ನೋಡಬಹುದು. ಗುರು 2012ರ ಡಿಸೆಂಬರ್ 3ರಂದು ಸೂರ್ಯನಿಗೆ ಸರಿ ಎದುರಿನಲ್ಲಿತ್ತು. ಅಂದರೆ ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಏಳುತ್ತಿತ್ತು, ರಾತ್ರಿಯಿಡೀ ಪಶ್ಚಿಮಕ್ಕೆ ಸಾಗುತ್ತಿತ್ತು. ಶುಕ್ರ ಆ ತಿಂಗಳುಗಳಲ್ಲಿ ಬೆಳಗಿನ ಆಕಾಶದಲ್ಲಿತ್ತು. ಮೊಬೈಲ್‌ನ ಯಾವುದೇ ನಕ್ಷತ್ರ ನಕಾಶೆ ಆ್ಯಪ್‌ನಲ್ಲಿ ಹಿಂದಿನ ದಿನಾಂಕ ಹಾಕಿದರೆ ಇದು ಕಾಣುತ್ತದೆ.

ಕಣ್ಣು ಏಕೆ ಮೋಸಹೋಯಿತು? 4,200 ಮೀಟರ್‌ಗೂ ಎತ್ತರದ ಆ ನೆಲದಲ್ಲಿ ಗಾಳಿ ತೆಳು, ದೂಳಿಲ್ಲ, ಊರಿನ ದೀಪಗಳಿಲ್ಲ. ಗ್ರಹಗಳು ನಮಗೆ ಕಾಣುವುದಕ್ಕಿಂತ ಹೆಚ್ಚು ಪ್ರಖರ. ಜೊತೆಗೆ, ಕಗ್ಗತ್ತಲಲ್ಲಿ ಒಂಟಿ ಬೆಳಕನ್ನು ದಿಟ್ಟಿಸಿ ನೋಡಿದರೆ ನಿಂತ ಬೆಳಕೂ ಅತ್ತಿತ್ತ ಅಲುಗಿದಂತೆ ಕಾಣುತ್ತದೆ. ಹೋಲಿಸಲು ಪಕ್ಕದಲ್ಲಿ ಬೇರೇನೂ ಇಲ್ಲದ ಕಾರಣ ಕಣ್ಣಿನ ಸಣ್ಣ ಚಲನೆಯೇ ಬೆಳಕಿನ ಚಲನೆಯೆಂದು ಮೆದುಳು ತಿಳಿಯುತ್ತದೆ. ಇದು ಎಲ್ಲರಿಗೂ ಆಗುತ್ತದೆ.

## ಸಾಮಾನ್ಯ ಜನ ಕಂಡಾಗ ಏನಾಯಿತು?

ಸೇನೆಯ ಮಾತು ಬಿಡಿ, ಹಳ್ಳಿಯವರು ಹೇಳಿದರೆ ಯಾರು ಬರುತ್ತಾರೆ ಎಂದು ಕೇಳಬಹುದು. ಬಂದಿದ್ದಾರೆ.

ಚಂದ್ರಾಪುರ, 2022. ಏಪ್ರಿಲ್ 2ರ ಸಂಜೆ ಏಳೂಮುಕ್ಕಾಲರ ಸುಮಾರಿಗೆ ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ್‌ನ ಹಲವೆಡೆ ಉರಿಯುವ ಗೆರೆಗಳ ಗುಂಪೊಂದು ಆಕಾಶ ದಾಟಿತು. ಉಲ್ಕೆ ಎಂದರು ಕೆಲವರು. ಅದೇ ದಿನ ನ್ಯೂಜಿಲೆಂಡ್‌ನಿಂದ ಹಾರಿದ್ದ ರಾಕೆಟ್ಟಿನದು ಎಂಬ ಊಹೆಯೂ ಬಂತು. ಅಷ್ಟರಲ್ಲಿ ಚಂದ್ರಾಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸುಮಾರು 3 ಮೀಟರ್ ಅಗಲದ ಲೋಹದ ಬಳೆ ಬಿದ್ದಿತ್ತು. ಹತ್ತಿರದಲ್ಲೇ ಲೋಹದ ಗುಂಡುಗಳೂ ಸಿಕ್ಕವು. ಸ್ಥಳೀಯ ಆಡಳಿತ ಅವನ್ನು ವಶಕ್ಕೆ ಪಡೆಯಿತು, ಇಸ್ರೊ ವಿಜ್ಞಾನಿಗಳು ಬಂದು ನೋಡಿದರು. ಬೆಳಕು ಕಂಡ ಸಮಯ ಮತ್ತು ಸಾಗಿದ ದಿಕ್ಕು, 2021ರಲ್ಲಿ ಹಾರಿದ್ದ ಚೀನಾದ ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನ ಮೂರನೇ ಹಂತ ಭೂಮಿಗೆ ಮರಳುವ ಲೆಕ್ಕಕ್ಕೆ ಹೊಂದಿದ್ದರಿಂದ ಅದೇ ಕಾರಣವೆಂದು ಬಾಹ್ಯಾಕಾಶ ತಜ್ಞರು ಗುರುತಿಸಿದರು. ಟಿವಿಯಲ್ಲಿ ಬರುವ ಮೊದಲ ಊಹೆ ಸರಿಯೇ ಆಗಿರಬೇಕಿಲ್ಲ, ಅದಕ್ಕೂ ಪರಿಶೀಲನೆ ಬೇಕು.

ಬೀದರ್, 2025. ಜನವರಿ 18ರ ಬೆಳಿಗ್ಗೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ ಮನೆಯೊಂದರ ಮೇಲೆ ಭಾರಿ ಬಲೂನ್ ಮತ್ತು ಯಂತ್ರ ಬಂದು ಬಿತ್ತು. ಊರಿನವರು ಗಾಬರಿಯಾದರು, ಪೊಲೀಸರು ಬಂದರು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೈದರಾಬಾದ್ ಕೇಂದ್ರ ಹಿಂದಿನ ರಾತ್ರಿ ಹಾರಿಬಿಟ್ಟಿದ್ದ ಸಂಶೋಧನಾ ಬಲೂನ್. ಇಂಥ ಬಲೂನ್‌ಗಳು 30ರಿಂದ 42 ಕಿಲೋಮೀಟರ್ ಎತ್ತರಕ್ಕೇರುತ್ತವೆ. ವಿಮಾನಗಳು ಹಾರುವುದು ಸುಮಾರು 10-12 ಕಿಲೋಮೀಟರ್‌ನಲ್ಲಿ. ಅಷ್ಟು ಮೇಲಿರುವುದರಿಂದ ನಮ್ಮಲ್ಲಿ ಕತ್ತಲಾದ ಮೇಲೂ, ಬೆಳಕು ಹರಿಯುವ ಮುಂಚೆಯೂ ಬಲೂನ್ ಮೇಲೆ ಬಿಸಿಲು ಬೀಳುತ್ತಿರುತ್ತದೆ. ಕೆಳಗಿನಿಂದ ನೋಡುವವರಿಗೆ ಅದು ನಿಂತಲ್ಲೇ ಹೊಳೆಯುವ ಗೋಳ. ಯಂತ್ರದಲ್ಲಿ ಹೆಚ್ಚಿನ ವೋಲ್ಟೇಜಿನ ವಿದ್ಯುತ್ ಇರಬಹುದು, ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂದು ಆ ಸಂಸ್ಥೆ ಮೊದಲೇ ಪ್ರಕಟಣೆ ಕೊಡುತ್ತದೆ.

ಬೆಂಗಳೂರು, 2020. ಇದು ಬೆಳಕಲ್ಲ, ಸದ್ದು. ಆದರೆ ಪರಿಶೀಲನೆಯ ಕ್ರಮ ಅದೇ. ಮೇ 20ರ ಮಧ್ಯಾಹ್ನ ಭಾರಿ ಸದ್ದಿಗೆ ಬೆಂಗಳೂರಿನ ಕಿಟಕಿಗಳು ಅದುರಿದವು. ಭೂಕಂಪಮಾಪಕಗಳಲ್ಲಿ ಕಂಪನ ದಾಖಲಾಗಿಲ್ಲ ಎಂದು ವಿಕೋಪ ಉಸ್ತುವಾರಿ ಕೇಂದ್ರ ಹೇಳಿತು. ಅಲ್ಲಿಗೆ ಭೂಕಂಪ ಪಟ್ಟಿಯಿಂದ ಹೋಯಿತು. ಆಮೇಲೆ ರಕ್ಷಣಾ ಇಲಾಖೆ ವಿವರಣೆ ಕೊಟ್ಟಿತು: ಶಬ್ದಕ್ಕಿಂತ ವೇಗವಾಗಿ ಹಾರುವ ಪರೀಕ್ಷೆಯಲ್ಲಿದ್ದ ವಾಯುಪಡೆಯ ವಿಮಾನ, ನಗರದಿಂದ ಬಹುದೂರದಲ್ಲಿ, 36,000ದಿಂದ 40,000 ಅಡಿ ಎತ್ತರದಲ್ಲಿ ವೇಗ ಇಳಿಸುವಾಗ ಆ ಸದ್ದು ಎದ್ದಿರಬಹುದು. 65ರಿಂದ 80 ಕಿಲೋಮೀಟರ್ ದೂರದವರೆಗೂ ಅದು ಕೇಳಬಲ್ಲದು. ರಾಮನಗರ ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್. ನಮ್ಮ ಕಡೆ ‘ಏನೋ ಸಿಡಿಯಿತು’ ಎನ್ನುವವರು ಈ ಅಂಕಿಯನ್ನು ನೆನಪಿಡಬೇಕು.

## ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಆಕಾಶದಲ್ಲಿ ಏನೇನು ಕಾಣುತ್ತದೆ?

ನಮ್ಮ ನಾಲ್ಕು ತಾಲ್ಲೂಕುಗಳ ಆಕಾಶಕ್ಕೆ ಎರಡು ಗುಣಗಳಿವೆ. ಒಂದು ಕಡೆ ಬೆಂಗಳೂರಿನ ದೀಪಗಳ ಹೊಳಪು, ವಿಮಾನಗಳ ಓಡಾಟ. ಇನ್ನೊಂದು ಕಡೆ ಸಾವನದುರ್ಗ, ರಾಮದೇವರ ಬೆಟ್ಟ, ಕಬ್ಬಾಳದುರ್ಗದಂಥ ಬಂಡೆಬೆಟ್ಟಗಳು. ದಿಗಂತದ ಹತ್ತಿರದ ಬೆಳಕು ಬೆಟ್ಟದ ನೆತ್ತಿಯ ಮೇಲೇ ಕೂತಂತೆ ಕಾಣುತ್ತದೆ. ಇಲ್ಲಿನ ರೈತರು ರಾತ್ರಿ ಹೊಲ ಕಾಯುತ್ತಾರೆ. ಜಾವಕ್ಕೇ ಗೂಡು ಹೊತ್ತು ರೇಷ್ಮೆ ಮಾರುಕಟ್ಟೆಗೆ, ಹಾಲು ಹೊತ್ತು ಡೈರಿಗೆ ಹೊರಡುತ್ತಾರೆ. ಆಕಾಶ ನೋಡುವವರು ಇಲ್ಲಿ ಹೆಚ್ಚು. ಅವರಿಗೆ ಕಾಣಬಹುದಾದವು ಇವು:

- ಬೆಳ್ಳಿ, ಅಂದರೆ ಶುಕ್ರ. ನಮ್ಮ ಹಿರಿಯರು ಹೊತ್ತು ಗೊತ್ತುಮಾಡಿಕೊಳ್ಳುತ್ತಿದ್ದ ಬೆಳ್ಳಿಚುಕ್ಕಿ ಇದೇ. ಅತಿ ಪ್ರಕಾಶದ ನಕ್ಷತ್ರವಾದ ಲುಬ್ಧಕಕ್ಕಿಂತ 15 ಪಟ್ಟಿಗೂ ಹೆಚ್ಚು ಹೊಳೆಯಬಲ್ಲದು. ಸಂಜೆ ಪಶ್ಚಿಮದಲ್ಲಿ ಅಥವಾ ಬೆಳಗಿನ ಜಾವ ಪೂರ್ವದಲ್ಲಿ ಮಾತ್ರ ಕಾಣುತ್ತದೆ. ನಡುರಾತ್ರಿ ನೆತ್ತಿಯ ಮೇಲೆ ಕಂಡದ್ದು ಶುಕ್ರ ಆಗಿರಲಾರದು.
- ರೈಲಿನಂಥ ಬೆಳಕಿನ ಸಾಲು. ಸ್ಟಾರ್‌ಲಿಂಕ್ ಉಪಗ್ರಹಗಳು. 2019ರಿಂದ ಗುಂಪುಗುಂಪಾಗಿ ಹಾರುತ್ತಿವೆ. ಹಾರಿದ ಮೊದಲ ಕೆಲವು ದಿನ ಒಂದರ ಹಿಂದೊಂದು ಸಾಲಾಗಿ ಹೋಗುತ್ತವೆ. 2021ರ ಡಿಸೆಂಬರ್‌ನಲ್ಲಿ ಕರಾವಳಿ ಮತ್ತು ಮಲೆನಾಡಿನಲ್ಲಿ ಬೆರಗು ಹುಟ್ಟಿಸಿದ್ದು ಇದೇ.
- ಸದ್ದಿಲ್ಲದೆ ಸಾಗುವ ಒಂಟಿ ಬೆಳಕು. ಉಪಗ್ರಹ ಅಥವಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಮಿನುಗುವುದಿಲ್ಲ, ಕೆಲವೇ ನಿಮಿಷದಲ್ಲಿ ಆಕಾಶ ದಾಟುತ್ತದೆ. ಅರ್ಧದಲ್ಲೇ ‘ಮಾಯ’ವಾದರೆ ಭೂಮಿಯ ನೆರಳಿಗೆ ಹೋಯಿತೆಂದು ಅರ್ಥ.
- ನಿಂತಲ್ಲೇ ದೊಡ್ಡದಾಗುವ ಬೆಳಕು. ನಮ್ಮತ್ತಲೇ ಮುಖಮಾಡಿ ಬರುತ್ತಿರುವ ವಿಮಾನದ ಮುಂದೀಪ. ತಿರುಗಿದ ಕೂಡಲೇ ಕೆಂಪು, ಹಸಿರು ದೀಪಗಳು ಕಾಣುತ್ತವೆ.
- ಉಲ್ಕೆ. ಒಂದೆರಡು ಸೆಕೆಂಡಿನ ಗೆರೆ. ಒಂದು ನಿಮಿಷ ಅಥವಾ ಹೆಚ್ಚು ಹೊತ್ತು, ಚೂರುಚೂರಾಗಿ, ಒಂದೇ ದಿಕ್ಕಿನಲ್ಲಿ ಉರಿಯುತ್ತಾ ಸಾಗಿದರೆ ರಾಕೆಟ್ ಅಥವಾ ಉಪಗ್ರಹದ ಅವಶೇಷ.
- ಮೋಡದ ಮೇಲೆ ಸುತ್ತುವ ಬಿಳಿ ವೃತ್ತ. ಜಾತ್ರೆ, ಮದುವೆ, ಕಾರ್ಯಕ್ರಮಗಳಲ್ಲಿ ಹಾಕುವ ಸರ್ಚ್‌ಲೈಟ್.
- ಬೆಟ್ಟದ ಸಾಲಿನಲ್ಲಿ ಓಡಾಡುವ ದೀಪ. ಆನೆ ಓಡಿಸಲು ಹೊರಟವರ ಟಾರ್ಚ್, ಚಾರಣಿಗರ ಹೆಡ್‌ಲ್ಯಾಂಪ್, ಬೆಟ್ಟಕ್ಕೆ ಬಿದ್ದ ಬೆಂಕಿ. ಹಿಂದೆ ಇಂಥದ್ದನ್ನೇ ಕೊಳ್ಳಿದೆವ್ವ ಎಂದದ್ದೂ ಉಂಟು.

## ‘ಕಾರಣ ಸಿಗಲಿಲ್ಲ’ ಎಂದರೆ ಅನ್ಯಗ್ರಹದವರೇ?

ಅಲ್ಲ. ‘ಸಿಗಲಿಲ್ಲ’ ಎಂಬ ಮಾತಿಗೆ ಹೆಚ್ಚಿನ ಸಂದರ್ಭದಲ್ಲಿ ‘ಸಾಕಷ್ಟು ವಿವರ ಇರಲಿಲ್ಲ’ ಎಂದೇ ಅರ್ಥ.

ಅಮೆರಿಕದ ವಾಯುಪಡೆ 1952ರಿಂದ 1969ರವರೆಗೆ ‘ಬ್ಲೂ ಬುಕ್’ ಎಂಬ ಯೋಜನೆಯಡಿ ಈ ಕೆಲಸ ಮಾಡಿತು. ಒಟ್ಟು 12,618 ವರದಿಗಳಲ್ಲಿ 701ಕ್ಕೆ ಕಾರಣ ಗೊತ್ತಾಗಲಿಲ್ಲ. ಉಳಿದವು ನಕ್ಷತ್ರ, ಗ್ರಹ, ಬಲೂನ್, ವಿಮಾನದಂಥವೇ. ಫ್ರಾನ್ಸ್‌ನಲ್ಲಿ ಅಲ್ಲಿನ ಬಾಹ್ಯಾಕಾಶ ಸಂಸ್ಥೆಯಡಿ 1977ರಿಂದ ಒಂದು ಚಿಕ್ಕ ಕಚೇರಿಯಿದೆ. ಸಾಮಾನ್ಯ ನಾಗರಿಕರು ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಕೊಡಬಹುದು, ಪ್ರಶ್ನಾವಳಿ ತುಂಬಬಹುದು. ಪ್ರಕರಣಗಳನ್ನು ನಾಲ್ಕು ಗುಂಪು ಮಾಡುತ್ತಾರೆ: ಕಾರಣ ಖಚಿತ, ಬಹುಶಃ ಇದೇ ಕಾರಣ, ವಿವರ ಸಾಲದು, ವಿವರವಿದ್ದರೂ ಕಾರಣ ತಿಳಿಯದು. ಕೊನೆಯ ಗುಂಪಿಗೆ ಸೇರುವವು ನೂರಕ್ಕೆ ಮೂರರ ಆಸುಪಾಸು ಮಾತ್ರ. ‘ವಿವರ ಸಾಲದು’ ಎಂಬುದಕ್ಕೇ ಒಂದು ಗುಂಪು ಇಟ್ಟಿರುವುದು ಗಮನಾರ್ಹ.

ನಮ್ಮಲ್ಲೂ 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಬಳಿ ಹಗಲಲ್ಲೇ ಅಪರಿಚಿತ ವಸ್ತು ಕಂಡು ವಿಮಾನ ಸಂಚಾರ ಕೆಲವು ಗಂಟೆ ನಿಂತಿತು. ವಾಯುಪಡೆ ತನ್ನ ರಕ್ಷಣಾ ವ್ಯವಸ್ಥೆ ಚುರುಕುಗೊಳಿಸಿತು. ಆಮೇಲೆ ಆ ವಸ್ತು ಕಾಣಲಿಲ್ಲ ಎಂದು ತಿಳಿಸಿತು. ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎನ್ನುವುದೂ ತನಿಖೆಯ ಒಂದು ಫಲಿತಾಂಶವೇ. ಅದನ್ನು ನಾವು ನಮ್ಮ ಕಲ್ಪನೆಯಿಂದ ತುಂಬಬೇಕಿಲ್ಲ.

ಕೆಲವೊಮ್ಮೆ ವಿವರಣೆ ತಡವಾಗಿ ಬರುವುದೂ ಉಂಟು. 2022ರ ಡಿಸೆಂಬರ್ 15ರ ಸಂಜೆ ಪಶ್ಚಿಮ ಬಂಗಾಳದವರಿಗೆ ಆಕಾಶದಲ್ಲಿ ಕಂಡ ಬೆಳಕು ಅಗ್ನಿ-5 ಕ್ಷಿಪಣಿಯ ಪರೀಕ್ಷೆಯದು ಎಂದು ತಿಳಿದದ್ದು ಆಮೇಲೆ. ಭದ್ರತೆಯ ವಿಷಯಗಳಲ್ಲಿ ಸ್ವಲ್ಪ ಕಾಯಬೇಕಾಗುತ್ತದೆ.

## ತಮಾಷೆಯ ಫಾರ್ವರ್ಡ್ ಎಲ್ಲಿಗೆ ಹೋಗಿ ಮುಟ್ಟುತ್ತದೆ?

‘ಒಂದು ಬೆಳಕಿನ ವಿಡಿಯೊ ಕಳಿಸಿದರೆ ಯಾರಿಗೆ ನಷ್ಟ?’ ಎನಿಸಬಹುದು. 2025ರಲ್ಲಿ ಉತ್ತರ ಪ್ರದೇಶದ ಹಲವು ಜಿಲ್ಲೆಗಳಲ್ಲಿ ‘ಕಳ್ಳರು ರಾತ್ರಿ ಡ್ರೋನ್ ಹಾರಿಸಿ ಮನೆ ಗುರುತು ಮಾಡಿಕೊಳ್ಳುತ್ತಿದ್ದಾರೆ’ ಎಂಬ ವದಂತಿ ಹಬ್ಬಿತು. ಜನ ದೊಣ್ಣೆ ಹಿಡಿದು ರಾತ್ರಿಯಿಡೀ ಕಾವಲು ಕೂತರು. ದಾರಿಹೋಕರಿಗೆ ಏಟು ಬಿತ್ತು. ಅಕ್ಟೋಬರ್‌ನಲ್ಲಿ ರಾಯ್‌ಬರೇಲಿಯಲ್ಲಿ ಒಬ್ಬರನ್ನು ಕಳ್ಳನೆಂದು ಶಂಕಿಸಿ ಹೊಡೆದು ಕೊಂದರು. ಇದು ದೂರದ ಮಾತೂ ಅಲ್ಲ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರ ಫಾರ್ವರ್ಡ್‌ಗಳನ್ನು ನಂಬಿದ ಗುಂಪೊಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನನ್ನು ಹೊಡೆದು ಸಾಯಿಸಿತು.

ಆಕಾಶದ ಬೆಳಕಿಗೆ ‘ಡ್ರೋನ್ ಕಳ್ಳರು’, ‘ಬೇಹುಗಾರರು’ ಎಂಬ ಎರಡು ಪದ ಸೇರಿದರೆ ಸಾಕು, ಸಿಟ್ಟು ನೆಲದ ಮೇಲಿನ ಅಪರಿಚಿತನ ಮೇಲೆ ಇಳಿಯುತ್ತದೆ. ಜನರಲ್ಲಿ ಭಯ ಹುಟ್ಟಿಸುವ ಸುಳ್ಳು ಸುದ್ದಿ ಹರಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 353ರಡಿ ಶಿಕ್ಷಾರ್ಹವೂ ಆಗಬಹುದು.

## ನೀವು ಕಂಡರೆ ಏನು ಮಾಡಬೇಕು?

1. ಗಡಿಯಾರ ನೋಡಿ. ಕಂಡ ಸಮಯ, ಮಾಯವಾದ ಸಮಯ ಬರೆದುಕೊಳ್ಳಿ. ‘ರಾತ್ರಿ ಸುಮಾರು’ ಎಂದರೆ ಯಾರಿಗೂ ಉಪಯೋಗವಿಲ್ಲ.
2. ದಿಕ್ಕು ಗುರುತಿಸಿ. ಮೊಬೈಲ್‌ನ ದಿಕ್ಸೂಚಿ ಸಾಕು. ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಎಂಬುದೂ ಬೇಕು.
3. ಎತ್ತರ ಅಳೆಯಿರಿ. ಕೈ ನೇರ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಚಾಚಿದ ಕೈಯ ಗೇಣು ಸುಮಾರು 20 ಡಿಗ್ರಿ. ದಿಗಂತದಿಂದ ಎಷ್ಟು ಮುಷ್ಟಿ ಮೇಲಿತ್ತು ಎಂದು ಎಣಿಸಿ.
4. ಗೋಡೆ ಅಥವಾ ಕಂಬಕ್ಕೆ ಒರಗಿ ನೋಡಿ. ಮನೆಯ ಮೂಲೆಯನ್ನೋ ಮರದ ಕೊಂಬೆಯನ್ನೋ ಗುರುತಿಗೆ ಇಟ್ಟುಕೊಂಡರೆ ಬೆಳಕು ನಿಜಕ್ಕೂ ಚಲಿಸುತ್ತಿದೆಯೇ ಎಂದು ಗೊತ್ತಾಗುತ್ತದೆ.
5. ವಿಡಿಯೊ ತೆಗೆಯುವುದಾದರೆ ಬೆಟ್ಟ, ಮರ, ಕಟ್ಟಡ ಚೌಕಟ್ಟಿನಲ್ಲಿರಲಿ. ಜೂಮ್ ಬೇಡ. ಜೂಮ್ ಮಾಡಿದಾಗ ಫೋಕಸ್ ತಪ್ಪಿ ಚುಕ್ಕೆ ತಟ್ಟೆಯಂತೆ ಉಬ್ಬುತ್ತದೆ.
6. ತಾಳೆ ನೋಡಿ. ಗ್ರಹಗಳಿಗೆ ಸ್ಟೆಲೇರಿಯಂ, ಉಪಗ್ರಹಗಳಿಗೆ ಹೆವನ್ಸ್ ಅಬೋವ್, ವಿಮಾನಗಳಿಗೆ ಫ್ಲೈಟ್‌ರಾಡಾರ್24 ಉಚಿತವಾಗಿ ಸಿಗುತ್ತವೆ.
7. ವಸ್ತು ಕೆಳಗೆ ಬಿದ್ದಿದ್ದರೆ ಮುಟ್ಟಬೇಡಿ. ರಾಕೆಟ್ ಟ್ಯಾಂಕ್‌ಗಳಲ್ಲಿ ವಿಷಕಾರಿ ಇಂಧನ ಉಳಿದಿರಬಹುದು. ಮಕ್ಕಳನ್ನು ದೂರ ನಿಲ್ಲಿಸಿ, 112ಕ್ಕೆ ಕರೆ ಮಾಡಿ. ಮನೆಯ ಮೇಲೆ ತೀರಾ ಕೆಳಗೆ ಡ್ರೋನ್ ಸುತ್ತುತ್ತಿದ್ದರೂ ಇದೇ ಸಂಖ್ಯೆ.

ಠಾಣೆಗೋ ತಾರಾಲಯಕ್ಕೋ ತಿಳಿಸುವಾಗ ಇಷ್ಟು ಬರೆದರೆ ಸಾಕು: ‘ಇಂಥ ದಿನಾಂಕ, ಸಂಜೆ 7.10ರಿಂದ 7.14. ನಾನಿದ್ದ ಊರು ಇಂಥದು. ವಾಯವ್ಯದಿಂದ ಆಗ್ನೇಯಕ್ಕೆ ಸಾಗಿತು. ಅತಿ ಎತ್ತರದಲ್ಲಿದ್ದಾಗ ದಿಗಂತದಿಂದ ನಾಲ್ಕು ಮುಷ್ಟಿ ಮೇಲೆ. ಬಿಳಿ ಬೆಳಕು, ಮಿನುಗಲಿಲ್ಲ, ಸದ್ದಿಲ್ಲ.’ ಹತ್ತು ವಿಡಿಯೊಗಳು ಹೇಳದ್ದನ್ನು ಈ ನಾಲ್ಕು ಸಾಲು ಹೇಳುತ್ತವೆ.

ನಿಮ್ಮ ಗುಂಪಿಗೆ ಇಂಥ ವಿಡಿಯೊ ಬಂದರೆ ಕಳಿಸಿದವರನ್ನು ಹೀಯಾಳಿಸಬೇಡಿ. ಲಡಾಖ್‌ನ ಸೈನಿಕರಂತೆ ಅವರೂ ಏನನ್ನೋ ಕಂಡಿರಬಹುದು. ‘ಎಷ್ಟು ಗಂಟೆಗೆ? ಯಾವ ದಿಕ್ಕಿಗೆ? ನೀವೇ ಕಂಡಿರಾ?’ ಎಂದು ಮೂರೇ ಪ್ರಶ್ನೆ ಕೇಳಿ. ಉತ್ತರ ಬಂದರೆ ಆ್ಯಪ್ ತೆರೆದು ತಾಳೆ ನೋಡಿ. ಬರದಿದ್ದರೆ ಆ ಫಾರ್ವರ್ಡ್ ನಿಮ್ಮ ಫೋನಿನಲ್ಲೇ ನಿಲ್ಲಲಿ.